ಮಿದುಳಿಗೆ, ನರಗಳಿಗೆ ಜೋಡಿಸುವ ಸಾಧನಗಳು: ವೀಡಿಯೊ ಮುಗಿದ ಮೇಲೆ ಏನಾಗುತ್ತದೆ?

ನರತಂತಿ

ನಾನು ಎಲೆಕ್ಟ್ರಾನಿಕ್ಸ್ ಕೆಲಸದವನು. ನರಗಳಿಂದ ಬರುವ ಸಣ್ಣ ಸಂಕೇತಗಳನ್ನು ಹಿಗ್ಗಿಸುವ ಸರ್ಕ್ಯೂಟ್ ಮಾಡುವುದೇ ನನ್ನ ದಿನದ ಕೆಲಸ. ಇದು ಗೊತ್ತಿರುವವರೆಲ್ಲ ನನಗೆ ವೀಡಿಯೊ ಕಳಿಸುತ್ತಾರೆ. ಕೈಕಾಲು ಆಡದ ಒಬ್ಬರು ಯೋಚನೆಯಿಂದಲೇ ಕಂಪ್ಯೂಟರ್ ನಡೆಸುತ್ತಾರೆ. ಇನ್ನೊಬ್ಬರು ಗಾಲಿಕುರ್ಚಿಯಿಂದ ಎದ್ದು ಹೆಜ್ಜೆ ಇಡುತ್ತಾರೆ. ಕೆಳಗೆ ಒಂದೇ ಪ್ರಶ್ನೆ: "ಇದು ಎಲ್ಲರಿಗೂ ಯಾವಾಗ ಸಿಗುತ್ತದೆ?"

ನನ್ನನ್ನು ಕಾಡುವುದು ಅದರ ಮುಂದಿನ ಪ್ರಶ್ನೆ. ಸಿಕ್ಕ ಮೇಲೆ ಎಷ್ಟು ವರ್ಷ ಉಳಿಯುತ್ತದೆ? ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ? ಒಂದು ಸಾಧನ ಒಳ್ಳೆಯದೋ ಅಲ್ಲವೋ ಅಂತ ಅಳೆಯಬೇಕಾದ್ದು ಇದರಿಂದಲೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಸ್ವಲ್ಪ ಹಿನ್ನೆಲೆ. ಒಂದು ನರಕೋಶ ಮಿಡಿಯುವುದು ಸುಮಾರು ಒಂದು ಮಿಲಿಸೆಕೆಂಡ್. ಕೋಶದ ಹೊರಗಿರುವ ಎಲೆಕ್ಟ್ರೋಡ್‌ಗೆ, ಅಂದರೆ ವಿದ್ಯುತ್ ಹಿಡಿಯುವ ಅಥವಾ ಕೊಡುವ ಸಣ್ಣ ತುದಿಗೆ, ಅದರಿಂದ ಸಿಗುವುದು ಕೆಲವು ಹತ್ತು, ಹೆಚ್ಚೆಂದರೆ ಕೆಲವು ನೂರು ಮೈಕ್ರೋವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್‌ನ 1.5 ವೋಲ್ಟ್ ಇದಕ್ಕಿಂತ ಹತ್ತಾರು ಸಾವಿರ ಪಟ್ಟು ದೊಡ್ಡದು. ಅಷ್ಟು ಸಣ್ಣದನ್ನು ಹಿಡಿಯಬೇಕಾದರೆ ಕೋಶದ ಪಕ್ಕಕ್ಕೇ ಹೋಗಬೇಕು. ಅದಕ್ಕಾಗಿ ಯೂಟಾ ವಿಶ್ವವಿದ್ಯಾಲಯದ ರಿಚರ್ಡ್ ನಾರ್ಮನ್ ಮಾಡಿದ್ದು ಸಿಲಿಕಾನ್‌ನ ಒಂದು ಸಣ್ಣ ಚೌಕ. ಅಗಲ ಉದ್ದ ಎರಡೂ 4 ಮಿಲಿಮೀಟರ್, ಅದರಲ್ಲಿ 100 ಸೂಜಿ. ಯೂಟಾ ಅರೇ ಅಂತ ಕರೆಯುತ್ತಾರೆ. ನೀವು ನೋಡಿರುವ ಹಳೆಯ ವೀಡಿಯೊಗಳಲ್ಲಿ ಬಹುತೇಕ ಇದೇ ಇರುತ್ತದೆ. 2004ರಲ್ಲಿ ಅಮೆರಿಕದ ಬ್ರೈನ್‌ಗೇಟ್ ಅನ್ನುವ ಸಂಶೋಧನಾ ತಂಡ ಇದನ್ನು ಮ್ಯಾಟ್ ನೇಗಲ್ ಅವರ ಮಿದುಳಿಗೆ ಹಾಕಿತು. ಚೂರಿ ಇರಿತದಿಂದ ಅವರಿಗೆ ಕುತ್ತಿಗೆಯ ಕೆಳಗೆ ಏನೂ ಆಡುತ್ತಿರಲಿಲ್ಲ. ಅವರು ಯೋಚನೆಯಿಂದ ಇಮೇಲ್ ತೆರೆದರು, ಟಿವಿ ನಿಯಂತ್ರಿಸಿದರು.

2012ರಲ್ಲಿ ಪ್ರಕಟವಾದ ಕ್ಯಾಥಿ ಹಚಿನ್ಸನ್ ಅವರ ವೀಡಿಯೊ ಇನ್ನೂ ಪ್ರಸಿದ್ಧ. ಪಾರ್ಶ್ವವಾಯು ಬಡಿದು ಸುಮಾರು 15 ವರ್ಷ ಆದ ಮೇಲೆ ಅವರು ರೋಬೋಟ್ ತೋಳಿನಿಂದ ಬಾಟಲಿ ಎತ್ತಿ, ಸ್ಟ್ರಾದಿಂದ ಕಾಫಿ ಕುಡಿದರು. ಎಲ್ಲರೂ ಆ ನಗುವನ್ನು ನೋಡುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಸುದ್ದಿ ಅನಿಸಿದ್ದು ಬೇರೆ. ಆ ಅರೇ ಅವರ ಮಿದುಳಿನಲ್ಲಿ ಆಗಲೇ ಐದು ವರ್ಷದಿಂದ ಇತ್ತು. ಐದು ವರ್ಷ ಆದರೂ ಕೆಲಸ ಮಾಡಿತು!

ಇದು ಯಾಕೆ ದೊಡ್ಡದು ಅಂದರೆ, ಮಿದುಳು ತುಂಬಾ ಮೆತ್ತಗಿನ ಅಂಗ. ಪ್ರತಿ ಉಸಿರಿಗೆ, ಪ್ರತಿ ನಾಡಿಬಡಿತಕ್ಕೆ ಸ್ವಲ್ಪ ಅಲುಗುತ್ತದೆ. ಸಿಲಿಕಾನ್ ಅಲುಗುವುದಿಲ್ಲ. ತಿಕ್ಕಾಟ ನಡೆಯುತ್ತಲೇ ಇರುತ್ತದೆ. ನರಕೋಶಗಳಿಗೆ ಆಸರೆಯಾಗಿ ಸುತ್ತಲೂ ಇರುವ ಗ್ಲಿಯಾ ಕೋಶಗಳು ಬಂದು ಸೂಜಿಯ ಸುತ್ತ ಗಾಯದ ಗೋಡೆ ಕಟ್ಟುತ್ತವೆ. ನಿಧಾನಕ್ಕೆ ಸಂಕೇತ ಕ್ಷೀಣಿಸುತ್ತದೆ. ಹಾಗಾಗಿಯೇ ಈಗ ಎಲ್ಲರೂ ಬಾಗುವ, ಕೂದಲಿಗಿಂತ ತೆಳುವಾದ ಎಳೆಗಳ ಕಡೆ ಹೋಗುತ್ತಿದ್ದಾರೆ. ಅದಕ್ಕೂ ಅದರದೇ ತೊಂದರೆ ಇದೆ. 2024ರ ಜನವರಿಯಲ್ಲಿ ಎಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ತನ್ನ ಮೊದಲ ರೋಗಿಗೆ 64 ಎಳೆ, 1024 ಎಲೆಕ್ಟ್ರೋಡ್ ಹಾಕಿತು. ಕೆಲವೇ ವಾರಗಳಲ್ಲಿ ಸುಮಾರು 85 ಶೇಕಡಾ ಎಳೆಗಳು ಮಿದುಳಿನಿಂದ ಹಿಂದಕ್ಕೆ ಸರಿದವು. ಸಂಕೇತ ಓದುವ ಸಾಫ್ಟ್‌ವೇರ್ ಬದಲಾಯಿಸಿ ವೇಗ ವಾಪಸ್ ತಂದರು. ಉಳಿದ ಸ್ವಲ್ಪದರಲ್ಲೇ ಅಷ್ಟು ಮಾಡಿದ್ದು ಒಳ್ಳೆಯ ಎಂಜಿನಿಯರಿಂಗ್, ಒಪ್ಪುತ್ತೇನೆ. ಆದರೆ ಎಳೆ ಸರಿದದ್ದು ಸಣ್ಣ ವಿಷಯ ಅಲ್ಲ.

ಅನುಭವ ಇರುವವರು ಬರೆಯಿರಿ. ಸಾಧನ ಹಾಕಿಸಿಕೊಂಡವರಿದ್ದರೆ ಇನ್ನೂ ಒಳ್ಳೆಯದು.

ಕೇಳುವ ಕಿವಿ

ನಾನು ಹಾಕಿಸಿಕೊಂಡವಳು. ನನ್ನದು ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಗೆ ಹಾಕಿ ಶ್ರವಣ ನರಕ್ಕೆ ವಿದ್ಯುತ್ ಕೊಡುವ ಸಾಧನ. ನರತಂತಿ ಅವರೇ, ನೀವು ಮಿದುಳಿನಿಂದಲೇ ಶುರು ಮಾಡಿದ್ದೀರಿ. ಈ ಕ್ಷೇತ್ರದಲ್ಲಿ ಆಗಲೇ ಗೆದ್ದಿರುವುದು ಕಿವಿ. ಅದನ್ನು ಬಿಟ್ಟರೆ ಹೇಗೆ?

1957ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಜುರ್ನೊ, ಶಾರ್ಲ್ ಎರಿಯೆಸ್ ಇಬ್ಬರು ಸೇರಿ ಕಿವುಡಾದ ಒಬ್ಬರ ಶ್ರವಣ ನರಕ್ಕೆ ವಿದ್ಯುತ್ ಕೊಟ್ಟು ಶಬ್ದದ ಅನುಭವ ತರಿಸಿದರು. 1961ರಲ್ಲಿ ಅಮೆರಿಕದ ವಿಲಿಯಂ ಹೌಸ್ ಒಂದೇ ಎಲೆಕ್ಟ್ರೋಡ್ ಇರುವ ಸಾಧನದಿಂದ ಶುರು ಮಾಡಿದರು. ಆ ಕಾಲದಲ್ಲಿ ಎಷ್ಟೋ ತಜ್ಞರು ಇದರಿಂದ ಮಾತು ಅರ್ಥವಾಗುವುದು ಸಾಧ್ಯವೇ ಇಲ್ಲ ಅಂದಿದ್ದರು. 1978ರಲ್ಲಿ ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ಹಲವು ಎಲೆಕ್ಟ್ರೋಡ್ ಇರುವುದನ್ನು ಹಾಕಿ, ಮಾತು ಅರ್ಥವಾಗುತ್ತದೆ ಅಂತ ತೋರಿಸಿದರು. 2022ರ ಹೊತ್ತಿಗೆ ಜಗತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಕಾಕ್ಲಿಯರ್ ಇಂಪ್ಲಾಂಟ್ ಹಾಕಿ ಆಗಿತ್ತು. ನರಕ್ಕೆ ಜೋಡಿಸಿ ಒಂದು ಇಂದ್ರಿಯವನ್ನೇ ವಾಪಸ್ ಕೊಡುವ ಸಾಧನ ಇಷ್ಟು ಜನಕ್ಕೆ ತಲುಪಿದ್ದು ಇದೊಂದೇ.

ಈಗ ಅನುಭವ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯ ದಿನ ಏನೂ ಕೇಳಿಸುವುದಿಲ್ಲ. ಗಾಯ ಮಾಗಿದ ಮೇಲೆ ಸ್ವಿಚ್ ಆನ್. ಆ ದಿನದ ವೀಡಿಯೊಗಳಲ್ಲಿ ಜನ ಅಳುತ್ತಾರೆ, ತಾಯಿಯ ದನಿ ಗುರುತಿಸುತ್ತಾರೆ. ನನಗೆ ಕೇಳಿದ್ದು ಬರೀ ಸಿಳ್ಳೆ. ಗಂಡಸು ಮಾತಾಡಿದರೂ ಸಿಳ್ಳೆ, ಹೆಂಗಸು ಮಾತಾಡಿದರೂ ಸಿಳ್ಳೆ. ಬಾಗಿಲು ಹಾಕಿದರೆ ಕಿರ್ರ್ ಅಂತ ಒಂದು ಚೂಪು ಶಬ್ದ. ಮಾತು ಯಾವುದು, ಫ್ಯಾನ್ ಯಾವುದು ಅಂತಲೇ ಗೊತ್ತಾಗಲಿಲ್ಲ.

ಆಮೇಲೆ ಮ್ಯಾಪಿಂಗ್. ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಒಂದೊಂದೇ ಎಲೆಕ್ಟ್ರೋಡ್‌ಗೆ ಸಣ್ಣ ಕರೆಂಟ್ ಕೊಡುತ್ತಾರೆ. "ಈಗ ಕೇಳಿಸ್ತಾ? ಈಗ? ಇದು ಜಾಸ್ತಿ ಆಯ್ತಾ?" ಮೊದಲು ಕೇಳಿಸಿದ ಮಟ್ಟ ಒಂದು, ಹಿತವಾಗಿ ಜೋರು ಅನಿಸುವ ಮಟ್ಟ ಇನ್ನೊಂದು. ಇವೆರಡರ ನಡುವೆ ಇಡೀ ಜಗತ್ತಿನ ಶಬ್ದವನ್ನು ಕೂರಿಸಬೇಕು. ಒಳ್ಳೆಯ ಒಳಕಿವಿಯಲ್ಲಿ ಶಬ್ದ ಹಿಡಿಯುವ ರೋಮಕೋಶಗಳು ಸುಮಾರು 3,500 ಇರುತ್ತವೆ. ನನ್ನಲ್ಲಿರುವುದು 22 ಎಲೆಕ್ಟ್ರೋಡ್. ಉಳಿದ ಕೆಲಸ ಯಾರು ಮಾಡುತ್ತಾರೆ? ಮಿದುಳು. ಅದಕ್ಕೆ ತಿಂಗಳುಗಟ್ಟಲೆ ಬೇಕು. ದಿನಾ ಯಾರಾದರೂ ಗಟ್ಟಿಯಾಗಿ ಓದುತ್ತಿದ್ದರು, ನಾನು ಪುಸ್ತಕದ ಸಾಲಿನ ಮೇಲೆ ಬೆರಳು ಇಟ್ಟುಕೊಂಡು ಕೇಳುತ್ತಿದ್ದೆ. ಒಂದು ದಿನ ಬೆರಳು ಇಲ್ಲದೆಯೂ ಸಾಲು ಹಿಡಿಯಿತು. ಸಂಗೀತ ಮಾತ್ರ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ತಾಳ ಸಿಗುತ್ತದೆ, ಸ್ವರ ಕಲಸಿಹೋಗುತ್ತದೆ.

ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಇದು ಯಾಕೆ ಬಾಳಿಕೆ ಬಂತು? ನನಗೆ ಕಾಣುವ ಕಾರಣ, ಒಳಗಿರುವ ಭಾಗ ಸರಳವಾಗಿದೆ. ಬ್ಯಾಟರಿ ಇಲ್ಲ, ಮೈಕ್ ಇಲ್ಲ. ಬುದ್ಧಿ ಎಲ್ಲ ಕಿವಿಯ ಹಿಂದೆ ಹೊರಗೆ ಕೂರುವ ಪ್ರೊಸೆಸರ್‌ನಲ್ಲಿದೆ. ಹೊಸದು ಬಂದರೆ ಹೊರಗಿನದನ್ನು ಬದಲಾಯಿಸಿದರೆ ಆಯಿತು, ತಲೆ ತೆರೆಯಬೇಕಾಗಿಲ್ಲ. ಮಿದುಳಿನ ಸಾಧನ ಮಾಡುವವರು ಇದನ್ನು ನೋಡಿ ಕಲಿಯಬೇಕು.

ಇನ್ನೊಂದು ಮಾತು. ಕಿವುಡರಲ್ಲಿ ಎಲ್ಲರಿಗೂ ಇದು ಬೇಕಾಗಿಲ್ಲ. ಸನ್ನೆ ಭಾಷೆಯಲ್ಲಿ ತುಂಬು ಬದುಕು ಬದುಕುವವರಿದ್ದಾರೆ. ಅವರನ್ನು ಸರಿಪಡಿಸಬೇಕಾದವರು ಅಂತ ನೋಡುವುದು ನನಗೆ ಹಿಡಿಸುವುದಿಲ್ಲ.

ನರತಂತಿ

ಮೇಡಂ, ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದ ವಿಷಯ ನಮ್ಮ ತಂಡದವರಿಗೆಲ್ಲ ಓದಿ ಹೇಳುತ್ತೇನೆ. ಒಳಗಿನದು ಸರಳ ಇರಬೇಕು ಅನ್ನುವುದು ಪೂರ್ತಿ ಸರಿ. ಕಷ್ಟ ಏನೆಂದರೆ ನಿಮ್ಮ ಸಾಧನ ನರಕ್ಕೆ ಸಂಕೇತ ಕೊಡುತ್ತದೆ. ಮಿದುಳಿನಿಂದ ಸಂಕೇತ ತೆಗೆದುಕೊಳ್ಳುವಾಗ ಹಿಗ್ಗಿಸುವ ಕೆಲಸ ಎಲೆಕ್ಟ್ರೋಡ್‌ನ ಹತ್ತಿರವೇ ಆಗಬೇಕು. ಇಲ್ಲದಿದ್ದರೆ ದಾರಿಯಲ್ಲೇ ಗದ್ದಲ ಸೇರಿಕೊಳ್ಳುತ್ತದೆ. ಚಿಪ್ ಕೆಲಸ ಮಾಡಿದಷ್ಟೂ ಬಿಸಿ ಬೇರೆ. ಸುತ್ತಲಿನ ಅಂಗಾಂಶ ಒಂದು ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅಂತ ಲೆಕ್ಕ ಹಾಕಿಕೊಂಡು ನಾವು ವಿನ್ಯಾಸ ಮಾಡುತ್ತೇವೆ. ದಿನವಿಡೀ ನಡೆಯುವ ಜಗಳ ಇದೇ.

ಮಿದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ವಿದ್ಯುತ್ ಕೊಡುವ ಡೀಪ್ ಬ್ರೈನ್ ಸ್ಟಿಮ್ಯುಲೇಶನ್ ಕೂಡ ಗೆದ್ದವರ ಪಟ್ಟಿಯಲ್ಲೇ ಇದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿದ್ ತಂಡ ಶುರು ಮಾಡಿದ್ದು. ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಸಲ ಸಣ್ಣ ಮಿಡಿತ ಕೊಟ್ಟರೆ ನಡುಕ ನಿಲ್ಲುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಇವತ್ತು ಇದು ಮಾಮೂಲಿ ಚಿಕಿತ್ಸೆ.

ತಮ್ಮ

ಎಲ್ಲರಿಗೂ ನಮಸ್ಕಾರ. ನಾನು ತಂತ್ರಜ್ಞಾನದವನಲ್ಲ. ನನ್ನ ಅಣ್ಣನಿಗೆ ಅಪಘಾತದಲ್ಲಿ ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿದೆ. ಇನ್ನೂ ಒಂದು ವರ್ಷ ತುಂಬಿಲ್ಲ. ಭುಜ ಎತ್ತುತ್ತಾನೆ, ಮೊಣಕೈ ಮಡಚುತ್ತಾನೆ. ಬೆರಳು ಆಡುವುದಿಲ್ಲ, ಕಾಲು ಆಡುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಒಬ್ಬರು ಮಿದುಳಿನ ಸಾಧನದಿಂದ ನಡೆದ ವೀಡಿಯೊ ನೋಡಿದ ಮೇಲೆ ಅಣ್ಣ ವ್ಯಾಯಾಮ ಬೇಡ ಅನ್ನುತ್ತಿದ್ದಾನೆ. "ಹೇಗೂ ಚಿಪ್ ಬರುತ್ತೆ, ಆಗ ನೋಡೋಣ" ಅಂತಾನೆ. ಅವನಿಗೆ ಏನು ಹೇಳಲಿ? ಕಾಯಬೇಕಾ?

ಕೈಹಿಡಿ

ನಾನು ಪುನರ್ವಸತಿ ಕೇಂದ್ರದಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ಮತ್ತೆ ಮಾಡಿಕೊಳ್ಳುವಂತೆ ತರಬೇತಿ ಕೊಡುವವಳು. ಬೆನ್ನುಹುರಿ ಪೆಟ್ಟಿನವರ ಕೈಗಳ ಜೊತೆಯೇ ನನ್ನ ಕೆಲಸ. ತಮ್ಮ ಅವರೇ, ಕಾಯಬೇಡಿ. ಅಣ್ಣನಿಗೆ ಇವತ್ತೇ ಹೇಳಿ.

ಬಳಸದ ಬೆರಳಿನ ಕೀಲು ಬಿಗಿಯುತ್ತದೆ. ಒಮ್ಮೆ ಪೂರ್ತಿ ಬಿಗಿದರೆ ಎಂಥ ಚಿಪ್ ಬಂದರೂ ಆ ಬೆರಳು ಬಿಚ್ಚುವುದಿಲ್ಲ. ಒತ್ತುಹುಣ್ಣು ಬಂದರೆ ತಿಂಗಳುಗಟ್ಟಲೆ ಹಾಸಿಗೆಯಲ್ಲಿರಬೇಕು, ಅಂಥವರನ್ನು ಯಾವ ಪ್ರಯೋಗಕ್ಕೂ ತೆಗೆದುಕೊಳ್ಳುವುದಿಲ್ಲ. ಮುಂದೆ ಬರುವ ಸಾಧನಕ್ಕೆ ದೇಹವನ್ನು ತಯಾರಾಗಿ ಇಟ್ಟುಕೊಳ್ಳುವುದೇ ಇವತ್ತಿನ ವ್ಯಾಯಾಮ. ಅಣ್ಣನಿಗೆ ಈ ರೀತಿ ಹೇಳಿದರೆ ಒಪ್ಪಬಹುದು. ನಾನು ಕಂಡ ಹಾಗೆ ತರುಣರು ಈ ಮಾತಿಗೆ ಬೇಗ ಒಪ್ಪುತ್ತಾರೆ.

ನೀವು ನೋಡಿದ್ದು ಗೆರ್ಟ್-ಯಾನ್ ಒಸ್ಕಾಂ ಅವರ ವೀಡಿಯೊ ಇರಬೇಕು. 2011ರಲ್ಲಿ ಸೈಕಲ್ ಅಪಘಾತ ಆದವರು. ಲೊಸಾನ್‌ನ ಗ್ರೆಗ್ವಾರ್ ಕೂರ್ಟಿನ್, ಜೋಸ್ಲಿನ್ ಬ್ಲಾಕ್ ತಂಡದ ಕೆಲಸ, 2023ರಲ್ಲಿ ಪ್ರಕಟವಾಯಿತು. ಮಿದುಳಿನ ಹೊರಪದರದ ಮೇಲೆ ಎರಡು ಸಾಧನ, ಸೊಂಟದ ಹತ್ತಿರ ಬೆನ್ನುಹುರಿಯ ಮೇಲೆ ಎಲೆಕ್ಟ್ರೋಡ್. ನಡೆಯಬೇಕು ಅನ್ನುವ ಇಚ್ಛೆಯನ್ನು ಮೇಲಿನದು ಓದಿ ಕೆಳಗಿನದಕ್ಕೆ ಕಳಿಸುತ್ತದೆ. ಪೆಟ್ಟಾದ ಜಾಗವನ್ನು ದಾಟಿ ಹೋಗುವ ಸೇತುವೆ ಅದು. ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಅವರು ಅದಕ್ಕೂ ಮೊದಲೇ ಬೆನ್ನುಹುರಿ ಪ್ರಚೋದನೆಯ ಪ್ರಯೋಗದಲ್ಲಿ ಇದ್ದು, ದೀರ್ಘ ತರಬೇತಿ ಮಾಡಿದ್ದವರು. ಊರುಗೋಲು ಹಿಡಿದೇ ನಡೆಯುವುದು. ಮಿದುಳಿನ ಎರಡು ಸಾಧನಗಳಲ್ಲಿ ಒಂದನ್ನು ಸೋಂಕು ತಗುಲಿ ತೆಗೆಯಬೇಕಾಯಿತು. ಇನ್ನೊಂದರಿಂದಲೇ ಮುಂದುವರಿದರು. ನನಗೆ ತುಂಬಾ ಮುಖ್ಯ ಅನಿಸಿದ್ದು, ತರಬೇತಿಯ ನಂತರ ಸಾಧನ ಆಫ್ ಮಾಡಿದರೂ ಅವರಿಗೆ ಸ್ವಲ್ಪ ಚಲನೆ ವಾಪಸ್ ಬಂದಿತ್ತು. ಉಳಿದುಕೊಂಡಿದ್ದ ಕೆಲವೇ ನರಗಳು ಮತ್ತೆ ದಾರಿ ಕಂಡುಕೊಂಡವು. ಅದು ವ್ಯಾಯಾಮ ಇಲ್ಲದೆ ಆಗುವಂಥದ್ದಲ್ಲ.

ಇನ್ನೊಂದು. ಎಲ್ಲರೂ ಕಾಲಿನ ವೀಡಿಯೊ ನೋಡುತ್ತಾರೆ. ಕುತ್ತಿಗೆ ಪೆಟ್ಟಿನವರನ್ನೇ ಕೇಳಿದರೆ ಅವರಿಗೆ ಮೊದಲು ಬೇಕಾದ್ದು ಕೈ. ಕಿಮ್ ಆಂಡರ್ಸನ್ 2004ರಲ್ಲಿ 681 ಜನರನ್ನು ಕೇಳಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಮೂತ್ರ, ಮಲದ ಹಿಡಿತ ಕೂಡ ಎಲ್ಲರ ಪಟ್ಟಿಯಲ್ಲಿ ಮೇಲೇ ಇತ್ತು. ಇದನ್ನು ಯಾರೂ ವೀಡಿಯೊ ಮಾಡುವುದಿಲ್ಲ, ಅಲ್ವಾ? ಆದರೆ ದಿನವೂ ಅದರ ಜೊತೆ ಬದುಕುವವರಿಗೆ ಗೊತ್ತು. ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ 1970ರ ದಶಕದಲ್ಲೇ ಮೂತ್ರಕೋಶ ಖಾಲಿ ಮಾಡುವ ನರಪ್ರಚೋದಕ ತಯಾರಿಸಿದ್ದರು. ಅದರಿಂದ ಎಷ್ಟೋ ಜನರ ಮೂತ್ರಪಿಂಡ ಉಳಿಯಿತು.

ಕೈಗೆ ಇವತ್ತೇ ಇರುವ ದಾರಿ ಒಂದಿದೆ. ಕೆಲಸ ಮಾಡುವ ಸ್ನಾಯುವಿನ ಸ್ನಾಯುರಜ್ಜುವನ್ನು ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ. ಇಲ್ಲವೇ ಪೆಟ್ಟಿನ ಮೇಲಿರುವ ಒಳ್ಳೆಯ ನರವನ್ನು ಕೆಳಗಿನ ನರಕ್ಕೆ ಹೊಲಿಯುವುದು. ನತಾಶಾ ವಾನ್ ಜೈಲ್ ಅವರ ಮೆಲ್ಬರ್ನ್ ತಂಡ 2019ರಲ್ಲಿ ಇಂಥ ನರ ವರ್ಗಾವಣೆಯ ಫಲಿತಾಂಶ ಪ್ರಕಟಿಸಿತು. ಮೊಣಕೈ ಚಾಚಲು, ಹಿಡಿಯಲು, ಚಿವುಟಲು ಆಗದಿದ್ದವರಿಗೆ ಅದು ವಾಪಸ್ ಬಂತು. ಬ್ಯಾಟರಿ ಬೇಡ, ಕಂಪನಿ ಬೇಡ. ಆದರೆ ನರದ ಸಂಪರ್ಕ ಕಳೆದುಕೊಂಡ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ಸರಿಪಡಿಸಲಾಗದಷ್ಟು ಸೊರಗುತ್ತದೆ. ಅಂಥ ಸ್ನಾಯುಗಳ ಮಟ್ಟಿಗೆ ಕಾಯುವುದು ಅಂದರೆ ಅವಕಾಶ ಕಳೆದುಕೊಳ್ಳುವುದೇ. ಅಣ್ಣನಿಗೆ ಇನ್ನೂ ವರ್ಷ ತುಂಬಿಲ್ಲ ಅಂದಿರಿ. ಕೈ ಶಸ್ತ್ರಚಿಕಿತ್ಸಕರನ್ನು ಬೇಗ ನೋಡಿ.

ಒಳಗುಟ್ಟು

ನಾನು ಕಾನೂನು ಓದುತ್ತಿರುವವಳು. "ಕಂಪನಿ ಬೇಡ" ಅನ್ನುವ ಮಾತು ಬಂದಿದ್ದರಿಂದ ಇದನ್ನು ಹೇಳಲೇಬೇಕು.

ಆರ್ಗಸ್ 2 ಅಂತ ಒಂದು ಕಣ್ಣಿನ ಸಾಧನ ಇತ್ತು. ಅಕ್ಷಿಪಟದ ಮೇಲೆ 60 ಎಲೆಕ್ಟ್ರೋಡ್. ಕನ್ನಡಕದ ಕ್ಯಾಮೆರಾ ಕಂಡದ್ದನ್ನು ಬೆಳಕಿನ ಚುಕ್ಕೆಗಳಾಗಿ ಕೊಡುತ್ತಿತ್ತು. ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. 2019ರಲ್ಲಿ ಅದನ್ನು ಮಾಡುತ್ತಿದ್ದ ಸೆಕೆಂಡ್ ಸೈಟ್ ಕಂಪನಿ ಆ ಸಾಧನವನ್ನೇ ಕೈಬಿಟ್ಟಿತು. ಹೊರಗಿನ ಭಾಗ ಕೆಟ್ಟರೆ ರಿಪೇರಿ ಇಲ್ಲ, ಬಿಡಿಭಾಗ ಇಲ್ಲ. ಒಮ್ಮೆ ಬೆಳಕು ವಾಪಸ್ ಕಂಡವರು ಮತ್ತೆ ಕತ್ತಲಿಗೆ ಹೋದರು. ಸತ್ತ ಸಾಧನ ಕಣ್ಣಿನ ಒಳಗೇ ಉಳಿಯಿತು.

ಇದು ಮೊದಲ ಸಲವೂ ಅಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಬೆಳೆದ ಫ್ರೀಹ್ಯಾಂಡ್ ಅನ್ನುವ ಕೈ ಸಾಧನಕ್ಕೆ 1997ರಲ್ಲಿ ಒಪ್ಪಿಗೆ ಸಿಕ್ಕಿತ್ತು. ತಮ್ಮ ಅವರ ಅಣ್ಣನಂಥವರಿಗೇ ಮಾಡಿದ್ದು. ಎದೆಯ ಒಳಗೆ ಒಂದು ಪ್ರಚೋದಕ, ಅಲ್ಲಿಂದ ಕೈಯ ಸ್ನಾಯುಗಳಿಗೆ ತಂತಿ. ಎದುರಿನ ಭುಜ ಅಲುಗಿಸಿದರೆ ಬೆರಳು ಮುಚ್ಚುತ್ತದೆ. 200ಕ್ಕೂ ಹೆಚ್ಚು ಜನ ಬಳಸಿದರು. ಸಾಧನ ಕೆಲಸ ಮಾಡುತ್ತಿತ್ತು! 2001ರಲ್ಲಿ ಕಂಪನಿ ಮಾರುಕಟ್ಟೆಯಿಂದ ಹೊರಟಿತು. ಅಷ್ಟು ಕಡಿಮೆ ಜನರಿಂದ ವ್ಯಾಪಾರ ನಡೆಯುವುದಿಲ್ಲ ಅನ್ನುವುದು ಅರ್ಥವಾಗುತ್ತದೆ. ಆದರೆ ಒಬ್ಬರ ದೇಹದ ಒಳಗೆ ಒಂದು ವಸ್ತು ಇಟ್ಟ ಮೇಲೆ ಮಾರುಕಟ್ಟೆಯಿಂದ ಹೋಗುತ್ತೇವೆ ಅಂದರೆ ಏನರ್ಥ? ಕಂಪನಿ ಮುಚ್ಚಿದರೂ ಸಾಫ್ಟ್‌ವೇರ್, ನಕ್ಷೆ, ಬಿಡಿಭಾಗದ ವಿವರ ಮೂರನೆಯವರಿಗೆ ಸಿಗುವಂತೆ ಮೊದಲೇ ಒಪ್ಪಂದ ಆಗಿರಬೇಕು. ತೆಗೆಯುವ ಶಸ್ತ್ರಚಿಕಿತ್ಸೆಯ ಖರ್ಚು ಮೊದಲೇ ಎತ್ತಿಟ್ಟಿರಬೇಕು. ಒಪ್ಪಿಗೆ ಕೊಡುವ ಮುನ್ನವೇ ಇದನ್ನು ಕಾನೂನು ಕೇಳಬೇಕು ಅಂತ ನಾನು ವಾದಿಸುತ್ತೇನೆ.

ಇನ್ನು ಮನಸ್ಸಿನ ಗುಟ್ಟು. ಚಿಲಿ ದೇಶ 2021ರಲ್ಲಿ ಮಿದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತಲೆಗೆ ಹಾಕಿಕೊಳ್ಳುವ ಸಾಧನದಿಂದ ಸಂಗ್ರಹಿಸಿದ ಮಾಜಿ ಸೆನೆಟರ್ ಒಬ್ಬರ ಮಾಹಿತಿಯನ್ನು ಅಳಿಸಿಹಾಕಲು ಇಮೋಟಿವ್ ಕಂಪನಿಗೆ ಹೇಳಿತು. ಬೇರೆ ದೇಶಗಳು ಇನ್ನೂ ಹಿಂದೆ ಇವೆ.

ನರತಂತಿ

ಫ್ರೀಹ್ಯಾಂಡ್ ನೆನಪಿಸಿದ್ದು ಒಳ್ಳೆಯದಾಯಿತು. ಈಗಿನ ತರುಣ ಎಂಜಿನಿಯರುಗಳಿಗೆ ಅದರ ಹೆಸರೇ ಗೊತ್ತಿಲ್ಲ.

ಕಣ್ಣಿನ ವಿಷಯದಲ್ಲಿ ಒಂದು ಹೊಸ ಬೆಳವಣಿಗೆ ಇದೆ. ಸ್ಟ್ಯಾನ್‌ಫರ್ಡಿನ ಡೇನಿಯಲ್ ಪಲಾಂಕರ್ ರೂಪಿಸಿದ ಪ್ರೈಮಾ. ಅಕ್ಷಿಪಟದ ಕೆಳಗೆ ಕೂರುವ 2 ಮಿಲಿಮೀಟರ್ ಚಿಪ್, 378 ಪಿಕ್ಸೆಲ್. ಒಳಗೆ ತಂತಿಯೇ ಇಲ್ಲ. ಕನ್ನಡಕದಿಂದ ಬರುವ ಅವಗೆಂಪು ಬೆಳಕೇ ಅದಕ್ಕೆ ಶಕ್ತಿಯೂ ಹೌದು, ಚಿತ್ರವೂ ಹೌದು. ಕೇಳುವ ಕಿವಿ ಮೇಡಂ ಹೇಳಿದ "ಒಳಗೆ ಸರಳ" ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2025ರ ಫಲಿತಾಂಶದಲ್ಲಿ, ಒಂದು ವರ್ಷ ಪೂರೈಸಿದ 32 ಜನರಲ್ಲಿ 26 ಜನರ ದೃಷ್ಟಿ ಗಣನೀಯವಾಗಿ ಸುಧಾರಿಸಿತ್ತು. ವಯಸ್ಸಿನಿಂದ ಕಣ್ಣಿನ ನಡುಭಾಗದ ದೃಷ್ಟಿ ಹೋದವರು ಅಕ್ಷರ ಓದಿದರು. ಬಣ್ಣ ಇಲ್ಲ, ಕಪ್ಪು ಬಿಳುಪು ಅಷ್ಟೆ.

ಮನಸ್ಸಿನ ಗುಟ್ಟಿನ ಬಗ್ಗೆ. ಮಾತು ನಿಂತವರ ಮಿದುಳಿನಿಂದ ಮಾತನ್ನು ಓದುವ ಇವತ್ತಿನ ಸಾಧನಗಳು ಹಿಡಿಯುವುದು ಬಾಯಿ, ನಾಲಿಗೆ ಆಡಿಸುವ ಪ್ರಯತ್ನವನ್ನು. ಸುಮ್ನೆ ಯೋಚಿಸುವುದನ್ನಲ್ಲ. ಆದರೆ ನಡುವಿನ ಗೆರೆ ತೆಳುವಾಗುತ್ತಿದೆ. 2025ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಮನಸ್ಸಿನಲ್ಲೇ ಆಡಿಕೊಳ್ಳುವ ಒಳಮಾತನ್ನೂ ಸ್ವಲ್ಪ ಮಟ್ಟಿಗೆ ಓದಬಹುದು ಅಂತ ತೋರಿಸಿತು. ಒಳ್ಳೆಯ ವಿಷಯ ಏನೆಂದರೆ, ಬೀಗವನ್ನೂ ಅವರೇ ಮಾಡಿದರು. ಮನಸ್ಸಿನಲ್ಲಿ ಒಂದು ಗುಟ್ಟಿನ ಪದ ಹೇಳಿಕೊಂಡ ಮೇಲಷ್ಟೇ ಓದು ಶುರುವಾಗುತ್ತದೆ. ಇಂಥ ಬೀಗ ಮೊದಲಿನಿಂದಲೇ ಒಳಗೆ ಇರಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಬೆಂಬಲ.

ನಡೆದಾಡಿ

ಮೊಣಕಾಲ ಕೆಳಗೆ ಒಂದು ಕಾಲು ಇಲ್ಲದವನು ನಾನು. ಮಿದುಳು, ಚಿಪ್ ಎಲ್ಲ ಸರಿ. ಕೃತಕ ಕಾಲು ಹಾಕುವವರ ಮಾತನ್ನೂ ಕೇಳಿ.

ನಮ್ಮ ಸಮಸ್ಯೆ ಮೋಟರ್ ಅಲ್ಲ, ಸಾಕೆಟ್. ಅಂದರೆ ಉಳಿದ ಕಾಲು ಕೂರುವ ಕೃತಕ ಕಾಲಿನ ಬಟ್ಟಲು. ಬೆಳಿಗ್ಗೆ ಬಿಗಿಯಾಗಿ ಕೂತ ಸಾಕೆಟ್ ಮಧ್ಯಾಹ್ನಕ್ಕೆ ಸಡಿಲವಾಗುತ್ತದೆ, ಯಾಕೆಂದರೆ ಉಳಿದ ಕಾಲಿನ ಗಾತ್ರ ದಿನದಲ್ಲಿ ಇಳಿಯುತ್ತದೆ. ಒಂದು ಕಡೆ ಕೂತು, ಕಾಲು ಬಿಚ್ಚಿ, ಇನ್ನೊಂದು ಪದರ ಸಾಕ್ಸ್ ಏರಿಸಿ, ಮತ್ತೆ ಹಾಕಬೇಕು. ಹಾಕದಿದ್ದರೆ ಮೂಳೆಯ ತುದಿ ತಳಕ್ಕೆ ತಾಗಿ ಸಂಜೆಗೆ ಚರ್ಮ ಕೆಂಪು. ಒಂದು ಗುಳ್ಳೆ ಎದ್ದರೆ ವಾರ ಪೂರ್ತಿ ಕಾಲು ಮೂಲೆಯಲ್ಲಿ. ಎಷ್ಟೇ ಬುದ್ಧಿವಂತ ಪಾದ ಇದ್ದರೂ ಆಗ ಅದು ನನ್ನ ಉಪಯೋಗಕ್ಕಿಲ್ಲ.

ಇದಕ್ಕೆ ಪರಿಹಾರ ಅಂತ ಸ್ವೀಡನ್ನಿನಲ್ಲಿ ಮೂಳೆಗೇ ಟೈಟಾನಿಯಂ ಕೂರಿಸುವ ವಿಧಾನ ಬಂತು. ಟೈಟಾನಿಯಂ ಮೂಳೆಯ ಜೊತೆ ಬೆಸೆಯುತ್ತದೆ ಅಂತ 1950ರ ದಶಕದಲ್ಲಿ ಕಂಡುಕೊಂಡವರು ಪೆರ್-ಇಂಗ್ವಾರ್ ಬ್ರೋನೆಮಾರ್ಕ್. ಹಲ್ಲಿನ ಇಂಪ್ಲಾಂಟ್ ಬಂದದ್ದೂ ಅಲ್ಲಿಂದಲೇ. ಈಗ ಮ್ಯಾಕ್ಸ್ ಓರ್ಟಿಜ್ ಕಟಲಾನ್ ಅವರ ತಂಡ ಆ ಟೈಟಾನಿಯಂ ಒಳಗಿಂದಲೇ ನರ, ಸ್ನಾಯುಗಳ ತಂತಿ ಹೊರಗೆ ತರುತ್ತಿದೆ. ಕೈ ಇಲ್ಲದವರು ಅದರ ಜೊತೆ ವರ್ಷಗಟ್ಟಲೆ ಮನೆಯಲ್ಲೇ ಬದುಕಿದ್ದಾರೆ. ಪ್ರಯೋಗಶಾಲೆಯಲ್ಲಿ ಅಲ್ಲ, ಮನೆಯಲ್ಲಿ. ಚರ್ಮದಿಂದ ಲೋಹ ಹೊರಬರುವ ಜಾಗದಲ್ಲಿ ಸೋಂಕಿನ ಭಯ ಮಾತ್ರ ಇದ್ದೇ ಇದೆ.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹ್ಯೂ ಹರ್ ಅವರ ಕೆಲಸ. 1982ರಲ್ಲಿ ಪರ್ವತದಲ್ಲಿ ಹಿಮಕ್ಕೆ ಸಿಕ್ಕಿ ಅವರ ಎರಡೂ ಕಾಲು ಹೋಗಿವೆ. ಮಾಮೂಲಿ ಶಸ್ತ್ರಚಿಕಿತ್ಸೆಯಲ್ಲಿ ಕಾಲು ಕತ್ತರಿಸುವಾಗ ಮುಂದಿನ, ಹಿಂದಿನ ಸ್ನಾಯುಗಳ ಜೋಡಿ ಮುರಿಯುತ್ತದೆ. ಒಂದು ಕುಗ್ಗಿದರೆ ಇನ್ನೊಂದು ಹಿಗ್ಗಬೇಕು, ಆ ಎಳೆತದಿಂದಲೇ ಪಾದ ಎಲ್ಲಿದೆ ಅಂತ ನಮಗೆ ತಿಳಿಯುವುದು. ಅವರ ತಂಡ ಕತ್ತರಿಸುವಾಗಲೇ ಆ ಜೋಡಿಯನ್ನು ಮತ್ತೆ ಕಟ್ಟುತ್ತದೆ. 2024ರಲ್ಲಿ ಪ್ರಕಟಿಸಿದ ಪ್ರಕಾರ, ಹಾಗೆ ಮಾಡಿಸಿಕೊಂಡ ಏಳು ಜನ ತಮ್ಮ ನರದ ಹಿಡಿತದಲ್ಲೇ ಕೃತಕ ಕಾಲು ನಡೆಸಿದರು. ಗರಿಷ್ಠ ನಡಿಗೆ ವೇಗ, ಮಾಮೂಲಿ ಶಸ್ತ್ರಚಿಕಿತ್ಸೆ ಆದವರಿಗಿಂತ 41 ಶೇಕಡಾ ಜಾಸ್ತಿ. ಸಾಧನಕ್ಕಿಂತ ಮೊದಲು ಶಸ್ತ್ರಚಿಕಿತ್ಸೆ ಬದಲಾಗಬೇಕು ಅನ್ನುವುದು ಇಲ್ಲಿ ಕಾಣುತ್ತದೆ. ನನ್ನ ಕಾಲು ತೆಗೆದಾಗ ಯಾರೂ ಮುಂದಿನ ಯೋಚನೆ ಮಾಡಿರಲಿಲ್ಲ. ನರದ ತುದಿ ಗಂಟಾಗಿ ಇವತ್ತಿಗೂ ನೋವಿದೆ. ಇಲ್ಲದ ಹೆಬ್ಬೆರಳು ರಾತ್ರಿ ಉರಿಯುತ್ತದೆ.

ಕೈಹಿಡಿ

ನಡೆದಾಡಿ ಅವರೇ, ನರದ ಗಂಟಿಗೆ ಈಗಲೂ ದಾರಿ ಇದೆ. ಶಿಕಾಗೋದ ಟಾಡ್ ಕ್ಯೂಕನ್ ತಂಡ ಕೃತಕ ತೋಳು ನಡೆಸಲು ಅಂತ ಕತ್ತರಿಸಿದ ನರಗಳನ್ನು ಬೇರೆ ಸ್ನಾಯುವಿಗೆ ಜೋಡಿಸುವ ವಿಧಾನ ತಂದಿತ್ತು. ಆಮೇಲೆ ನೋಡಿದರೆ ಅದರಿಂದ ನರಗಂಟಿನ ನೋವು, ಇಲ್ಲದ ಅಂಗದ ನೋವು ಎರಡೂ ಕಡಿಮೆಯಾಗುತ್ತಿತ್ತು. ಈಗ ಬರೀ ನೋವಿಗಾಗಿಯೂ ಮಾಡುತ್ತಾರೆ, ಹಳೆಯ ಕಾಲಿಗೂ ಮಾಡುತ್ತಾರೆ. ಒಮ್ಮೆ ಕೇಳಿ ನೋಡಿ.

ಕೈಯ ವಿಷಯದಲ್ಲಿ ಸ್ಪರ್ಶವೇ ದೊಡ್ಡ ಕೊರತೆ. 2007ರಲ್ಲಿ ಹಿಂದಿನ 25 ವರ್ಷಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಮೋಟರ್ ಇರುವ ಕೃತಕ ಕೈಯನ್ನು ವಯಸ್ಕರಲ್ಲಿ 23 ಶೇಕಡಾ, ಮಕ್ಕಳಲ್ಲಿ 35 ಶೇಕಡಾ ಜನ ಬಿಟ್ಟುಬಿಟ್ಟಿದ್ದರು. ಮುಟ್ಟಿದ್ದು ಗೊತ್ತಾಗದ ಕೈಯನ್ನು ಕಣ್ಣಿನಿಂದ ಕಾಯುತ್ತಲೇ ಇರಬೇಕು. ಲೋಟ ಹಿಡಿದರೆ ಲೋಟ ನೋಡುತ್ತಾ ಇರಬೇಕು, ಎದುರಿನವರ ಮುಖ ನೋಡುವ ಹಾಗಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಕೈಕಾಲು ಆಡದ ನೇಥನ್ ಕೋಪ್‌ಲ್ಯಾಂಡ್ ಅವರಿಗೆ ಮಿದುಳಿನ ಸ್ಪರ್ಶದ ಭಾಗಕ್ಕೂ ಎಲೆಕ್ಟ್ರೋಡ್ ಹಾಕಿದ್ದಾರೆ. ರೋಬೋಟ್ ಬೆರಳು ಒತ್ತಿದರೆ ತಮ್ಮ ಬೆರಳನ್ನೇ ಒತ್ತಿದ ಹಾಗೆ ಅವರಿಗೆ ಅನಿಸುತ್ತದೆ. 2021ರ ಫಲಿತಾಂಶದಲ್ಲಿ, ವಸ್ತು ಎತ್ತಿ ಇಡುವ ಕೆಲಸಕ್ಕೆ ಸ್ಪರ್ಶ ಇಲ್ಲದಾಗ ಸುಮಾರು 21 ಸೆಕೆಂಡ್, ಇದ್ದಾಗ 10 ಸೆಕೆಂಡ್. ಮೋಟರ್ ಅದೇ, ತೋಳು ಅದೇ.

ಮಾತುಗಾರನ ಮಗಳು

ಓದುತ್ತಾ ಇದ್ದೆ, ಈಗ ಬರೆಯುತ್ತಿದ್ದೇನೆ. ಅಪ್ಪನಿಗೆ ಎ.ಎಲ್.ಎಸ್., ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ಮಾತು ತೊದಲುವುದಕ್ಕೆ ಶುರುವಾಗಿದೆ. ಮನೆಯವರಿಗೆ ಅರ್ಥವಾಗುತ್ತದೆ, ಹೊರಗಿನವರಿಗೆ ಆಗುವುದಿಲ್ಲ. ಮಾತಿನ ಸಾಧನಗಳು ನಿಜವಾಗಿ ಎಲ್ಲಿಯವರೆಗೆ ಬಂದಿವೆ?

ನರತಂತಿ

ತಂಗಿ, ಈ ಕ್ಷೇತ್ರದಲ್ಲಿ ತುಂಬಾ ವೇಗವಾಗಿ ಮುಂದೆ ಹೋಗಿರುವುದು ಇದೇ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಡ್ವರ್ಡ್ ಚಾಂಗ್ ತಂಡ ಬರೀ 50 ಪದಗಳ ಮಾತನ್ನು ನಿಮಿಷಕ್ಕೆ ಸುಮಾರು 15 ಪದದಂತೆ ಓದಿತು. 2023ರಲ್ಲಿ ಅದೇ ತಂಡ 78 ಪದಕ್ಕೆ, ಸ್ಟ್ಯಾನ್‌ಫರ್ಡ್ ತಂಡ 62 ಪದಕ್ಕೆ ಏರಿತು. ಸಹಜ ಮಾತು ನಿಮಿಷಕ್ಕೆ ಸುಮಾರು 150. ಆದರೆ ಸ್ಟ್ಯಾನ್‌ಫರ್ಡ್‌ನದರಲ್ಲಿ ಸುಮಾರು ನಾಲ್ಕಕ್ಕೆ ಒಂದು ಪದ ತಪ್ಪು ಬರುತ್ತಿತ್ತು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ತಂಡ ಎ.ಎಲ್.ಎಸ್. ಇರುವ ಕೇಸಿ ಹ್ಯಾರೆಲ್ ಅವರ ಜೊತೆ 97.5 ಶೇಕಡಾ ನಿಖರತೆ ಮುಟ್ಟಿತು. 256 ಎಲೆಕ್ಟ್ರೋಡ್. ವೇಗ ಕಡಿಮೆ, ಸುಮಾರು 32 ಪದ. ಆದರೆ ಅವರು ಅದರಿಂದ ದಿನನಿತ್ಯ ಮನೆಯವರ ಜೊತೆ, ಸಹೋದ್ಯೋಗಿಗಳ ಜೊತೆ ಮಾತಾಡುತ್ತಾರೆ. ವೇಗಕ್ಕಿಂತ ಇದು ನನಗೆ ದೊಡ್ಡದು.

ಒಂದು ಮಾತು ಗಮನಿಸಿ. ಆ ಕಂಪ್ಯೂಟರ್ ಮಾತಾಡುವುದು ಅವರದೇ ದನಿಯಲ್ಲಿ. ಕಾಯಿಲೆ ಬರುವ ಮೊದಲು ಮಾಡಿದ್ದ ಅವರ ಮಾತಿನ ರೆಕಾರ್ಡಿಂಗ್‌ಗಳಿಂದ ಆ ದನಿ ಕಟ್ಟಿದ್ದಾರೆ. ಅಪ್ಪನ ದನಿಯನ್ನು ಈಗಲೇ ರೆಕಾರ್ಡ್ ಮಾಡಿ. ಶಬ್ದ ಇಲ್ಲದ ಕೋಣೆ, ಒಳ್ಳೆಯ ಮೈಕ್, ದಿನಕ್ಕೆ ಸ್ವಲ್ಪ ಸ್ವಲ್ಪ, ಅವರು ಸುಸ್ತಾಗುವ ಮೊದಲು ನಿಲ್ಲಿಸಿ. ಹಳೆಯ ಮದುವೆ ವೀಡಿಯೊ, ಫೋನಿನ ಧ್ವನಿ ಸಂದೇಶ ಯಾವುದನ್ನೂ ಅಳಿಸಬೇಡಿ. ಇಂಪ್ಲಾಂಟ್ ಹಾಕಿಸದಿದ್ದರೂ ಕಣ್ಣಿನಿಂದ ಟೈಪ್ ಮಾಡುವ ಸಾಧನಕ್ಕೂ ಅದೇ ದನಿ ಕೂರಿಸಬಹುದು. ಆ ಸಾಧನ ಈಗಲೇ ಸಿಗುತ್ತದೆ, ತಲೆ ತೆರೆಯಬೇಕಾಗಿಲ್ಲ. ಮೊದಲು ಅದನ್ನು ನೋಡಿ.

ಕೇಳುವ ಕಿವಿ

ಬರೀ ಓದಿಸಬೇಡಿ ತಾಯಿ. ಅಪ್ಪ ಬೈಯುವುದು, ನಗುವುದು, ಮೊಮ್ಮಕ್ಕಳನ್ನು ಕರೆಯುವುದು, ಎಲ್ಲ ರೆಕಾರ್ಡ್ ಮಾಡಿ. ಶಬ್ದ ಕಳೆದುಕೊಂಡವಳ ಅನುಭವದಿಂದ ಹೇಳುತ್ತಿದ್ದೇನೆ.

ತಮ್ಮ

ಕೈಹಿಡಿ ಅವರೇ, ನೀವು ಬರೆದಿದ್ದನ್ನು ಅಣ್ಣನಿಗೆ ಓದಿ ಹೇಳಿದೆ. ಕಾಲಿನ ವಿಷಯಕ್ಕೆ ಸುಮ್ಮನಿದ್ದ. "ಚಿವುಟಲು ಬರುತ್ತದೆ" ಅಂದ ತಕ್ಷಣ ಮತ್ತೊಮ್ಮೆ ಓದು ಅಂದ. ಬೆಳಿಗ್ಗೆ ವ್ಯಾಯಾಮಕ್ಕೆ ಒಪ್ಪಿದ್ದಾನೆ. ಕೈ ಶಸ್ತ್ರಚಿಕಿತ್ಸಕರ ಸಮಯ ಕೇಳಿದ್ದೇವೆ. ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಕೈಹಿಡಿ

ಅಪಘಾತದ ದಿನಾಂಕ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ, ಅವರು ಮೊದಲು ಕೇಳುವುದು ಅದನ್ನೇ. ಕುತ್ತಿಗೆಯ ಎಂ.ಆರ್.ಐ. ಬರೀ ರಿಪೋರ್ಟ್ ಸಾಲದು, ಚಿತ್ರಗಳ ಸಿಡಿ ಬೇಕು. ನರಗಳ ಪರೀಕ್ಷೆ ಆಗಿದ್ದರೆ ಅದೂ ಇರಲಿ. ಆಗಿಲ್ಲದಿದ್ದರೆ ಯಾವ ಸ್ನಾಯುವಿಗೆ ಅವಸರ ಇದೆ ಅಂತ ತಿಳಿಯಲು ಅದನ್ನು ಮಾಡಿಸಲು ಕೇಳಿ. ಅಣ್ಣ ಮೊಣಕೈ ಮಡಚುವುದು, ಮಣಿಕಟ್ಟು ಎತ್ತಲು ನೋಡುವುದು ಎರಡನ್ನೂ ಫೋನಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ, ಎರಡೂ ಕೈ ಬೇರೆ ಬೇರೆ. ಬೆರಳಿನ ಕೀಲುಗಳು ಮೆತ್ತಗೆ ಮಡಚುವ ಸ್ಥಿತಿಯಲ್ಲಿರಬೇಕು, ಅಲ್ಲಿಯವರೆಗೆ ರಾತ್ರಿ ಸ್ಪ್ಲಿಂಟ್ (ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ) ಹಾಕುವುದನ್ನು ಬಿಡಬೇಡಿ. ಯಾವ ಕೆಲಸ ತಾನೇ ಮಾಡಿಕೊಳ್ಳಬೇಕು ಅಂತ ಅಣ್ಣನಿಗೆ ಆಸೆ ಇದೆಯೋ ಅದನ್ನು ಅವನ ಬಾಯಿಂದಲೇ ಹೇಳಿಸಿ. ಊಟವೋ, ಫೋನೋ, ಮೂತ್ರದ ನಳಿಕೆ ಹಾಕಿಕೊಳ್ಳುವುದೋ. ಯಾವ ನರ ಎಲ್ಲಿಗೆ ಜೋಡಿಸಬೇಕು ಅನ್ನುವುದು ಆ ಉತ್ತರದ ಮೇಲೆ ಹೋಗುತ್ತದೆ.